ವಾರ್ಡಿನಿಂದ ಕರೆದರೆ ಬರುವ ತಂಡಕ್ಕೆ ಐದರಲ್ಲಿ ನಾಲ್ಕು ಸ್ಟಾರ್

ಹಾಸನದ ಆಸ್ಪತ್ರೆಗಳ ರಿವ್ಯೂ ಓದ್ತಾ ಇರ್ತೀನಿ. ಪಾರ್ಕಿಂಗ್ ಇಲ್ಲ, ಬಿಲ್ ಜಾಸ್ತಿ, ಕ್ಯಾಂಟೀನ್ ಇಡ್ಲಿ ಗಟ್ಟಿ. ರ‍್ಯಾಪಿಡ್ ರೆಸ್ಪಾನ್ಸ್ ಟೀಮ್, ಅಂದ್ರೆ ವಾರ್ಡಲ್ಲಿ ರೋಗಿ ಹದಗೆಡ್ತಿದ್ದಾಗ ಓಡಿಬರೋ ತಂಡದ ಬಗ್ಗೆ ಒಂದು ಸಾಲೂ ಕಾಣಲ್ಲ. ಅದನ್ನ ಕರೆಯೋದು ರೋಗಿ ಅಲ್ಲವಲ್ಲ, ವಾರ್ಡ್ ನರ್ಸ್. ಹಾಗಾಗಿ ಅದರ ಗಿರಾಕಿ ನಾನೇ. ಆಸ್ಪತ್ರೆ ಹೆಸರು ಮಾತ್ರ ಬರೆಯಲ್ಲ, ನಾಳೆ ಡ್ಯೂಟಿಗೆ ಹೋಗಬೇಕು.

ಕೋಡ್ ಬ್ಲೂ ಅಂದ್ರೆ ಎದೆಬಡಿತ ನಿಂತ ಮೇಲೆ ಓಡಿಬರೋದು. ಈ ತಂಡ ಬರಬೇಕಾದ್ದು ಅದಕ್ಕೂ ಮುಂಚೆ. 1990ರಲ್ಲಿ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ಶುರುವಾದ ಪದ್ಧತಿ ಇದು. ನಮ್ಮಲ್ಲಿ ತಂಡ ಅಂದ್ರೆ ಐಸಿಯು ಡಾಕ್ಟರ್ ಒಬ್ಬರು, ಐಸಿಯು ಸಿಸ್ಟರ್ ಒಬ್ಬರು, ಒಂದು ಎಮರ್ಜೆನ್ಸಿ ಬ್ಯಾಗು.

ಈಚೆಗೆ ಒಂದು ನೈಟ್ ಡ್ಯೂಟಿ. ಆಲೂರು ಕಡೆಯ ಅಜ್ಜ, ಕರುಳಿನ ಆಪರೇಷನ್ ಆಗಿತ್ತು. ಮಗ ಬಂದು, "ಸಿಸ್ಟರ್, ಅಪ್ಪ ಯಾಕೋ ಸರಿ ಕಾಣ್ತಿಲ್ಲ ಕಣ್ರೀ" ಅಂದ. ಮೇಲಿನ ಬಿಪಿ 104, ಆಕ್ಸಿಜನ್ 94, ನಾಡಿ 118, ಜ್ವರ 100. ಒಂದೊಂದನ್ನೇ ಫೋನಲ್ಲಿ ಹೇಳಿದ್ರೆ ಯಾವ ಡಾಕ್ಟ್ರೂ ನಿದ್ದೆಯಿಂದ ಏಳಲ್ಲ. ಉಸಿರನ್ನ ಪೂರ್ತಿ ಒಂದು ನಿಮಿಷ ಎಣಿಸಿದೆ, 26. (ಯಾವ ಚಾರ್ಟ್ ತೆಗೆದರೂ ಉಸಿರಿನ ಕಾಲಮ್ಮಲ್ಲಿ ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಎಣಿಸಿ ಬರೆದದ್ದೆಷ್ಟು ಅಂತ ಆ ಹಾಸನಾಂಬೆಗೇ ಗೊತ್ತು.) ರೋಗಿ ಎಷ್ಟು ಹದಗೆಟ್ಟಿದ್ದಾರೆ ಅಂತ ಅಂಕದಲ್ಲಿ ಅಳೆಯೋಕೆ ನಾವು ಬಳಸೋ ನ್ಯೂಸ್-2 ಪಟ್ಟಿಯಲ್ಲಿ ಉಸಿರಿಗೆ 3 ಅಂಕ, ನಾಡಿಗೆ 2, ಬಿಪಿಗೂ ಆಕ್ಸಿಜನ್‌ಗೂ ಒಂದೊಂದು, ಜ್ವರಕ್ಕೆ ಸೊನ್ನೆ. ಒಟ್ಟು 7. ಏಳಾದರೆ ಬೆಳಗಿನ ರೌಂಡ್ಸ್‌ಗೆ ಕಾಯೋ ಹಾಗಿಲ್ಲ.

ಕರೆದೆ. ಯಾರು, ಏನಾಗಿತ್ತು, ಈಗ ಹೇಗಿದ್ದಾರೆ, ನನಗೇನು ಬೇಕು, ಇಷ್ಟನ್ನೇ ಹೇಳಿದೆ. ಅವರು ಬರೋ ಹೊತ್ತಿಗೆ ನಾನು ಇನ್ನೊಂದು ಐವಿ ಲೈನ್ ಹಾಕಿ ಮುಗಿಸಿದ್ದೆ. ಡಾಕ್ಟರ್ ಫೈಲ್ ಮುಟ್ಟೋಕೆ ಮೊದಲು ಕೇಳಿದ್ದು, "ನಿಮಗೇನು ಅನ್ನಿಸ್ತಿದೆ ಸಿಸ್ಟರ್?" ಈ ಪ್ರಶ್ನೆಗೇ ಒಂದು ಸ್ಟಾರ್. ಸೋಂಕು ರಕ್ತಕ್ಕೆ ಏರ್ತಿರಬಹುದು ಅಂದೆ. ಕಲ್ಚರ್‌ಗೆ (ಯಾವ ಕ್ರಿಮಿ ಅಂತ ಪತ್ತೆ ಮಾಡೋ ಪರೀಕ್ಷೆಗೆ) ರಕ್ತ ತೆಗೆದು, ಆಂಟಿಬಯೋಟಿಕ್, ಸಲೈನ್ ಶುರು ಮಾಡಿ, ಐಸಿಯುಗೆ ಶಿಫ್ಟ್ ಮಾಡಿದ್ರು. ಅಜ್ಜ ವಾಪಸ್ ವಾರ್ಡಿಗೆ ಬಂದು, "ಮುದ್ದೆ ಯಾವಾಗ ಕೊಡ್ತೀರವ್ವ?" ಅಂತ ಜಗಳ ತೆಗೆದರು.

ಒಂದು ಸ್ಟಾರ್ ಕಮ್ಮಿ ಯಾಕೆ ಅಂದ್ರೆ, ರಾತ್ರಿ ಹೊತ್ತು ಇದೇ ಇಬ್ಬರು ಐಸಿಯು ಹಾಸಿಗೆಗಳನ್ನೂ ನೋಡ್ಕೋಬೇಕು. ಅಲ್ಲಿ ಯಾರಿಗಾದರೂ ಉಸಿರಾಟದ ಟ್ಯೂಬ್ ಹಾಕ್ತಿದ್ರೆ ಇಲ್ಲಿ ನಾವು ಬಾಗಿಲು ನೋಡ್ತಾ ನಿಲ್ಲಬೇಕು. ಇನ್ನು ಕೆಲವು ದೊಡ್ಡ ಡಾಕ್ಟ್ರುಗಳು ಬೆಳಿಗ್ಗೆ ಬಂದು, "ನನ್ನನ್ನ ಕೇಳದೆ ಟೀಮ್ ಯಾಕೆ ಕರೆದ್ರಿ?" ಅಂತಾರೆ. ಅದನ್ನ ಕೇಳಿಸಿಕೊಂಡ ಹೊಸ ಹುಡುಗಿ ಮುಂದಿನ ಸಲ ಫೋನ್ ಎತ್ತೋಕೆ ಹಿಂದೆಮುಂದೆ ನೋಡ್ತಾಳೆ. ಇದು ತಂಡದ ತಪ್ಪಲ್ಲ, ಆದರೂ ಸೇವೆಯ ಲೆಕ್ಕಕ್ಕೇ ಸೇರುತ್ತೆ.

ಮನೆಯವರು ನೇರವಾಗಿ ಈ ತಂಡವನ್ನ ಕರೆಯೋ ವ್ಯವಸ್ಥೆ ನಮ್ಮಲ್ಲಿಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2024ರಿಂದ ಮಾರ್ಥಾ ನಿಯಮ ಅಂತ ಅದನ್ನೇ ತರ್ತಿದ್ದಾರೆ. ಆ ಮಗನ ಮಾತು ಕಿವಿಗೆ ಬಿದ್ದಿದ್ದಕ್ಕೆ ತಾನೆ ನಾನು ಉಸಿರು ಎಣಿಸಿದ್ದು? ನಿಮ್ಮವರನ್ನ ಅಡ್ಮಿಟ್ ಮಾಡುವಾಗ ರೂಮಲ್ಲಿ ಟಿವಿ ಇದೆಯಾ ಅಂತ ಕೇಳ್ತೀರಲ್ಲ, ಜೊತೆಗೆ ರಾತ್ರಿ ವಾರ್ಡಿನಿಂದ ಕರೆದರೆ ಐಸಿಯುದಿಂದ ಯಾರು ಬರ್ತಾರೆ ಅಂತಲೂ ಕೇಳಿ.