ಟೆರೇಸ್ ಡೆಕ್ಕಿಗೆ ಈಪೆ ಮರ, ಒಂದು ಮಳೆಗಾಲ ಆದ್ಮೇಲೆ
ಜಯನಗರದ ನಮ್ಮನೆ ಟೆರೇಸಿಗೆ ಮೊದಲು ಹಾಕ್ಸಿದ್ದು "ಒಳ್ಳೆ ಸಾಗುವಾನಿ ಸಾರ್" ಅಂತ ಒಬ್ರು ತಲೆಗೆ ಕಟ್ಟಿದ ಹಲಗೆ, ಅರ್ಧಕ್ಕರ್ಧ ಬಿಳಿ ಭಾಗ, ಚೇಗು (ಮರದೊಳಗಿನ ಗಟ್ಟಿ ಭಾಗ) ಕಮ್ಮಿ, ಮೂರೇ ವರ್ಷಕ್ಕೆ ಗೆದ್ದಲು. ಈ ಸಲ ಮೈಸೂರು ರೋಡ್ ಟಿಂಬರ್ ಯಾರ್ಡ್ ಕಡೆ ನಾಕು ಅಂಗಡಿ ಸುತ್ತಿ ಈಪೆ ತಗೊಂಡ್ವಿ. ದಕ್ಷಿಣ ಅಮೆರಿಕದ ಮರ, ಘನ ಮೀಟರಿಗೆ 1,000 ಕೆಜಿ ಮೇಲೇ ತೂಗುತ್ತೆ, ಬಕೆಟ್ ನೀರಿಗೆ ತುಂಡು ಹಾಕಿದ್ರೆ ಸೀದಾ ತಳಕ್ಕೆ (ತೇಗ 650 ಆಸುಪಾಸು, ತೇಲುತ್ತೆ). ನಮ್ ಕಾರ್ಪೆಂಟರ್ ಡ್ರಿಲ್ ಬಿಟ್ ಮುರ್ಕೊಂಡು ಮುರ್ಕೊಂಡು "ಇದು ಮರಾನಾ ಕಬ್ಬಿಣಾನಾ ಅಣ್ಣ" ಅಂತಿದ್ದ, ಮೊದ್ಲು ತೂತು ಹೊಡೀದೆ ಸ್ಕ್ರೂ ಇಳಿಯೋದೇ ಇಲ್ಲ, ಅದೂ ಸ್ಟೇನ್‌ಲೆಸ್ಸೇ ಬೇಕು, ಹಲಗೆ ಮಧ್ಯೆ 5-6 ಮಿಮೀ ಗ್ಯಾಪ್ ಬಿಡ್ಸಿ, ಇಲ್ಲಾಂದ್ರೆ ನೀರು ನಿಲ್ಲುತ್ತೆ.

ಮಳೆಗಾಲ ಮುಗೀತು, ಒಂದು ಹಲಗೆನೂ ಸೊಟ್ಟ ಆಗಿಲ್ಲ. ಎಣ್ಣೆ ಹಚ್ಚೋಕೆ ಸೋಮಾರಿತನ ಮಾಡಿದ್ದಕ್ಕೆ ಬೂದು ಬಣ್ಣಕ್ಕೆ ತಿರುಗಿದೆ ಅಷ್ಟೇ, ಗಟ್ಟಿತನಕ್ಕೇನೂ ಆಗಲ್ಲ.

2024ರ ನವೆಂಬರಿಂದ ಈಪೆ ಸೈಟಿಸ್ (ಅಳಿವಿನ ಭಯ ಇರೋ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟೀಲಿದೆ, ಇಂಪೋರ್ಟ್ ಪೇಪರ್ ಕೇಳಿ. ನಮ್ ಅಂಗಡಿಯವ್ರು ಕೇಳಿದ ತಕ್ಷಣ ತೋರ್ಸಿದ್ರು, ಅದಕ್ಕೇ ಅಲ್ಲೇ ತಗೊಂಡಿದ್ದು. ಡೆಲಿವರಿ ಮಾತ್ರ ಒಂದು ವಾರ ಲೇಟು. ಕುರ್ಚಿ ಬೆಂಚಿಗೆ ನಾನಾದ್ರೆ ಚೇಗಿರೋ ತೇಗಾನೇ ಹಾಕ್ಸೋದು, ಎತ್ತಿ ನೆರಳಿಗಿಡೋಕೆ ಸೊಂಟಾನೂ ಉಳೀಬೇಕಲ್ಲ.