ಅಂಗಳದ ನೀರಿಗೆ ತೂತಿನ ಕಪ್ಪು ಪೈಪು: ಕೊಡಗಿನ ಮಳೆಗೆ ಆಗುತ್ತದೆಯೇ?

ಸುರುಳಿ ಸುತ್ತಿ ಬರುವ ನಾಲ್ಕು ಇಂಚಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು ಇದು. ಮೈತುಂಬಾ ಬಳೆ ಜೋಡಿಸಿದಂತೆ ಏರುತಗ್ಗು, ತಗ್ಗಿನಲ್ಲಿ ಸಣ್ಣ ಸೀಳುಗಳು. ಮಣ್ಣಿನೊಳಗಿನ ನೀರು ಆ ಸೀಳಿನಿಂದ ಒಳಗೆ ಇಳಿದು ಹರಿದುಹೋಗಬೇಕು. ಬರೆಯಿಂದ (ಕಡಿದಾದ ಮಣ್ಣಿನ ದಿಬ್ಬದಿಂದ) ಒಸರುವ ನೀರಿಗೆ ಇದು ಒಳ್ಳೆಯ ಮದ್ದು. ಮೇಲೆ ಹರಿದು ಬರುವ ಮಳೆನೀರಿಗೆ ಅಲ್ಲ. ಇಷ್ಟು ನೋಡದೆ ದುಡ್ಡು ಸುರಿದರೆ ಮೇ ತಿಂಗಳಲ್ಲಿ ಹೂತ ಪೈಪಿನ ಮೇಲೆಯೇ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ) ನೀರು ನಿಂತಿರುತ್ತದೆ.

ಯಾವ ನೀರು ಎಂದು ತಿಳಿಯಲು ಮಳೆಗಾಲದಲ್ಲೇ ಒಂದೂವರೆ ಅಡಿ ಗುಂಡಿ ತೋಡಿ, ನೀರು ತೋಡಿಹಾಕಿ, ಮೇಲೆ ತಗಡು ಮುಚ್ಚಿ, ಸುತ್ತ ಮಣ್ಣಿನ ಏರಿ ಕಟ್ಟಿ ಬಿಡಿ. ಮಾರನೇ ದಿನ ಮತ್ತೆ ತುಂಬಿದ್ದರೆ ಅದು ಒಸರು, ಪೈಪು ಕೆಲಸ ಮಾಡುತ್ತದೆ. ಗುಂಡಿ ಖಾಲಿಯೇ ಇದ್ದು ಅಂಗಳದಲ್ಲಿ ಮಾತ್ರ ನೀರು ನಿಂತರೆ ಪೈಪು ಬೇಡ. ಅಂಗಳದ ಓಟ (ಇಳಿಜಾರು) ಸರಿಮಾಡಿ ತೆರೆದ ಚರಂಡಿ ತೆಗೆದರೆ ಸಾಕು. ನಮ್ಮ ಕೆಂಪು ಜೇಡಿ ಮಣ್ಣು ಸುರಿಮಳೆಯ ವೇಗಕ್ಕೆ ನೀರು ಕುಡಿಯುವುದಿಲ್ಲ. ಪೈಪು ಒಂದು ಅಡಿ ಕೆಳಗೆ ಖಾಲಿ ಇದ್ದರೂ ಮೇಲೆ ಕೆಸರು ತಪ್ಪದು.

ನೀರು ನಿಲ್ಲುವ ಗೆರೆಗೆ ಮಳೆಯಲ್ಲೇ ಗೂಟ ಹೊಡೆದಿಡಿ, ಬೇಸಿಗೆಯಲ್ಲಿ ಅದು ಕಾಣಿಸುವುದಿಲ್ಲ. ಅಗೆಯಲು ಏಪ್ರಿಲ್ ಒಳ್ಳೆಯದು: ಕಾಫಿ ಕುಯ್ಲು ಮುಗಿದು ಆಳು ಸಿಗುತ್ತಾರೆ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿದ್ದರೆ ಮಣ್ಣೂ ಮೆದು.

60 ಅಡಿ ಉದ್ದಕ್ಕೆ ಲೆಕ್ಕ ಹೀಗೆ. ಕಾಲುವೆ ಒಂದು ಅಡಿ ಅಗಲ. ನೂರಕ್ಕೆ ಒಂದು ಇಳಿಜಾರು ಎಂದರೆ ಒಟ್ಟು ಏಳು ಇಂಚು, ಹಾಗಾಗಿ ಸಮತಟ್ಟಾದ ಅಂಗಳದಲ್ಲಿ ಮೇಲಿನ ತುದಿ ಒಂದೂವರೆ ಅಡಿ ಆಳವಿದ್ದರೆ ಕೆಳತುದಿ ಎರಡು ಅಡಿ ಒಂದು ಇಂಚು. ಕೆಳತುದಿಯಿಂದ ಮೇಲಕ್ಕೆ ಅಗೆಯಬೇಕು. ನಡುವೆ ಮಳೆ ಬಂದರೂ ನೀರು ತಾನೇ ಹೊರಗೆ ಹೋಗುತ್ತದೆ. ಇಳಿಜಾರನ್ನು ಕಣ್ಣಂದಾಜಿಗೆ ಬಿಡದೆ ನೀರು ತುಂಬಿದ ಲೆವೆಲ್ ಪೈಪಿನಲ್ಲಿ ಹತ್ತು ಹತ್ತು ಅಡಿಗೆ ನೋಡಿ. ಕಪ್ಪು ಪೈಪಿನ ದೊಡ್ಡ ದೋಷ ಅಲ್ಲೇ ಇದೆ. ಸುರುಳಿಯಲ್ಲಿದ್ದ ಬಾಗು ಬಿಡುವುದಿಲ್ಲ, ಎಲ್ಲಿ ಜೋಲುತ್ತದೋ ಅಲ್ಲಿ ಹೂಳು ಕೂರುತ್ತದೆ. ಹಿಂದಿನ ದಿನವೇ ಬಿಸಿಲಲ್ಲಿ ಬಿಚ್ಚಿ ಹಾಸಿ, ಎರಡು ತುದಿಗೂ ಕಲ್ಲು ಇಡಿ.

ಕಾಲುವೆಗೆ ಮೊದಲು ನೀರು ಬಿಟ್ಟು ಮಣ್ಣು ತಡೆಯುವ, ನೇಯ್ಗೆಯಿಲ್ಲದ ಜಿಯೋಟೆಕ್ಸ್‌ಟೈಲ್ ಬಟ್ಟೆ, 150ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ). ತಳ, ಎರಡು ಗೋಡೆ, ಮೇಲಿನ ಮಡಿಕೆ ಸೇರಿ ಐದು ಅಡಿ ಅಗಲ ಬೇಕು, ಒಟ್ಟು 300 ಚದರಡಿ. ಪೈಪಿಗೇ ಕಾಲುಚೀಲದಂತೆ ಬಟ್ಟೆ ತೊಡಿಸಿದ್ದೂ ಸಿಗುತ್ತದೆ, ನಮ್ಮ ಮಣ್ಣಿಗೆ ಅದು ಸಲ್ಲದು. ನುಣ್ಣನೆ ಜೇಡಿ ಅಷ್ಟು ಕಿರಿದಾದ ಬಟ್ಟೆಯನ್ನು ಬೇಗ ಕಟ್ಟಿಬಿಡುತ್ತದೆ. ಕಾಲುವೆಗೆಲ್ಲ ಹಾಸಿದರೆ ನೀರು ಸೋಸುವ ಜಾಗ ಹಲವು ಪಟ್ಟು ಹೆಚ್ಚು. ಹಾಸಿದ ಬಟ್ಟೆಯ ಮೇಲೆ ಎರಡು ಇಂಚು 20 ಎಂಎಂ ಜಲ್ಲಿ, ಪೈಪು, ಮತ್ತೆ ಜಲ್ಲಿ, ಒಟ್ಟು ಒಂದೂಕಾಲು ಅಡಿ. ಸುಮಾರು 70 ಘನ ಅಡಿ ಹಿಡಿಯುತ್ತದೆ. ಕ್ರಷರ್ ಧೂಳು ಅಂಟಿದ್ದರೆ ತೊಳೆದೇ ಹಾಕಬೇಕು, ಇಲ್ಲದಿದ್ದರೆ ಆ ಧೂಳೇ ಮೊದಲ ಹೂಳು. ಬಟ್ಟೆ ಮಡಚಿ ಮೇಲೆ ಮಣ್ಣು.

ಮಾಡಿನ (ಛಾವಣಿಯ) ನೀರನ್ನು ಇದಕ್ಕೆ ಸೇರಿಸುವವರಿದ್ದಾರೆ. ದಯವಿಟ್ಟು ಬೇಡ. 1,000 ಚದರಡಿ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 9,300 ಲೀಟರ್. ಒಳಗಿನ ಏರುತಗ್ಗಿನಿಂದ ಕಪ್ಪು ಪೈಪಿನ ಹರಿವು ನುಣುಪು ಪಿವಿಸಿಗಿಂತ ಕಡಿಮೆಯೇ, ಒಮ್ಮೆ ತುಂಬಿದರೆ ಅದೇ ಸೀಳುಗಳಿಂದ ನೀರು ಹೊರಗೆ, ನಿಮ್ಮ ಪಾಯದ ಕಡೆಗೆ. ಮಾಡಿಗೆ ತೂತಿಲ್ಲದ ಬೇರೆ ಪೈಪು.

ನೇರ ಗೆರೆಯಾದರೆ ನಮ್ಮ ಆಯ್ಕೆ ಇದಲ್ಲ, 110 ಎಂಎಂ ಪಿವಿಸಿ. ಆರು ಇಂಚಿಗೊಂದರಂತೆ 8 ಎಂಎಂ ತೂತು ಕೊರೆದು, ಗಡಿಯಾರದ ನಾಲ್ಕು ಮತ್ತು ಎಂಟು ಗಂಟೆಯ ಜಾಗಕ್ಕೆ ಬರುವಂತೆ ಕೂರಿಸಬೇಕು. ಕೆಲಸ ಜಾಸ್ತಿ, ಆದರೆ ಜೋಲುವುದಿಲ್ಲ, ಕಟ್ಟಿದರೆ ಉದ್ದ ಸರಳು ತೂರಿಸಿ ಬಿಡಿಸಬಹುದು. ಕಪ್ಪು ಪೈಪಿಗೆ ಸರಳು ಹಾಕಿದರೆ ಪ್ರತಿ ಬಳೆಗೂ ತಡೆಯುತ್ತದೆ. ಮರ, ಬಂಡೆ ಬಳಸಿ ಹೋಗಬೇಕಾದಲ್ಲಿ ಮಾತ್ರ ಕಪ್ಪು ಪೈಪೇ ಗೆಲ್ಲುವುದು. ಜೀಪು ದಾಟುವ ಕಡೆ ಎರಡೂ ಬೇಡ. ಅಷ್ಟು ದೂರಕ್ಕೆ ತೂತಿಲ್ಲದ ದಪ್ಪ ಪೈಪು, ಮೇಲೆ ಕನಿಷ್ಠ ಒಂದಡಿ ಮಣ್ಣು.

ನೀರನ್ನು ಎಲ್ಲಿಗೆ ಬಿಡುವುದು ಎಂಬುದನ್ನು ಅಗೆಯುವ ಮೊದಲೇ ತೀರ್ಮಾನಿಸಿ. ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರಿಸುವುದು ಸರಿ. ಇಳಿಜಾರಿನ ನೆತ್ತಿಯಲ್ಲಿ ಇಂಗುಗುಂಡಿ ಮಾಡಿ ಅದಕ್ಕೆ ಬಿಡುವುದು ಅಪಾಯ: ನೆನೆದ ಮಣ್ಣಿಗೆ ಭಾರ ಹೆಚ್ಚಿ ಹಿಡಿತ ಕಳೆಯುತ್ತದೆ. ಆಗಸ್ಟ್ 2018ರಲ್ಲಿ ಮಡಿಕೇರಿ ಸುತ್ತಮುತ್ತ ಬರೆ ಕುಸಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಬಾಯಿಗೆ ಜಾಲರಿ ಕಟ್ಟಿ, ಏಡಿ, ಇಲಿ ಸೇರದಿರಲಿ. ಮೇಲಿನ ತುದಿಯಲ್ಲಿ ಬೆಂಡ್ ಹಾಕಿ ನೆಲದ ಮಟ್ಟಕ್ಕೆ ಮುಚ್ಚಳ ಬರುವಂತೆ ಮಾಡಿದರೆ ಪ್ರತಿ ಮೇ ತಿಂಗಳಲ್ಲಿ ಹೋಸ್ ಇಟ್ಟು ತೊಳೆಯಬಹುದು. ಕೆಳಗೆ ತಿಳಿನೀರು ಬರುವವರೆಗೆ ಬಿಡಬೇಕು. ಕೆಂಪಗೆ ಬರುತ್ತಲೇ ಇದ್ದರೆ ಬಟ್ಟೆ ಎಲ್ಲೋ ಹರಿದಿದೆ.