ಕೀಬೋರ್ಡ್ ವೈಬ್ರೇಷನ್, ಟಚ್ ವೈಬ್ರೇಷನ್ ಆಫ್ ಮಾಡಿ ಎರಡು ವರ್ಷದ ಮೇಲಾಯ್ತು: ನನ್ನ ಅನುಭವ

ಫೋನಿನಲ್ಲಿ ಕೀಬೋರ್ಡ್ ವೈಬ್ರೇಷನ್ ಮತ್ತು ಟಚ್ ವೈಬ್ರೇಷನ್ ಎರಡನ್ನೂ ಆಫ್ ಮಾಡಿ ಎರಡು ವರ್ಷ ದಾಟಿತು. ಮತ್ತೆ ಆನ್ ಮಾಡಿಲ್ಲ, ಮಾಡುವ ಮನಸ್ಸೂ ಇಲ್ಲ. ಕಾಲ್ ಬಂದಾಗ ಆಗುವ ವೈಬ್ರೇಷನ್ ಮಾತ್ರ ಹಾಗೇ ಇದೆ. ಅದನ್ನು ಯಾವತ್ತೂ ತೆಗೆಯಲ್ಲ. ಒಂದು ಹೊಸ ಸುದ್ದಿ ಹೇಳುವ ವೈಬ್ರೇಷನ್, ಇನ್ನೊಂದು ನಮ್ಮ ಬೆರಳಿಗೆ ಆಗಲೇ ಗೊತ್ತಿರುವುದನ್ನೇ ಮತ್ತೆ ಹೇಳುವ ವೈಬ್ರೇಷನ್. ತುಂಬಾ ಜನ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿರುತ್ತಾರೆ, ಇಲ್ಲಾ ಎರಡನ್ನೂ ಒಟ್ಟಿಗೆ ತೆಗೆದುಬಿಡುತ್ತಾರೆ. ಬೇರೆ ಬೇರೆ ಮಾಡಿ ನೋಡಿ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ನಾನು ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದೀಪಾವಳಿ ಹೊತ್ತಿಗೆ ಮೆಕ್ಕೆಜೋಳದ ಆವಕ ಜೋರಾದರೆ ಸಂಕ್ರಾಂತಿವರೆಗೂ ಉಸಿರಾಡೋಕೆ ಬಿಡುವಿರಲ್ಲ. ಯಾರ ಮಾಲು, ಎಷ್ಟು ಚೀಲ, ತೇವ ಎಷ್ಟು ಬಂತು, ಇವತ್ತಿನ ರೇಟು ಏನು, ಲಾರಿ ಎಲ್ಲಿಗೆ ಬಂತು, ಎಲ್ಲಾ ವಾಟ್ಸಾಪ್‌ನಲ್ಲೇ ನಡೆಯುತ್ತೆ. ಅದೂ ಕನ್ನಡದಲ್ಲೇ. ಜಗಳೂರು ಕಡೆಯ ರೈತರಿಗೆ ಇಂಗ್ಲಿಷಿನಲ್ಲಿ ರೇಟು ಕಳಿಸಿದರೆ ಅವರು ಯಾರಿಗಾದರೂ ತೋರಿಸಿ ಓದಿಸಬೇಕಾಗುತ್ತೆ. ಅದು ಸರಿಯಲ್ಲ ಅಲ್ವಾ? ಬಾಯಲ್ಲಿ ಹೇಳಿ ಟೈಪ್ ಮಾಡಿಸೋಣ ಅಂದರೆ ಹಮಾಲರ ಕೂಗು, ಲಾರಿ ಸದ್ದಿನ ನಡುವೆ ಆಗುವ ಮಾತಲ್ಲ. ಬೆರಳೇ ಗತಿ.

ಇಂಗ್ಲಿಷ್ ಟೈಪ್ ಮಾಡುವವರಿಗೆ ಈ ವೈಬ್ರೇಷನ್ನಿನ ಕಾಟ ಇಷ್ಟು ಗೊತ್ತಾಗಲ್ಲ. ಕನ್ನಡದಲ್ಲಿ ಒಂದು ಪದಕ್ಕೆ ಎಷ್ಟು ಸಲ ಒತ್ತಬೇಕು ನೋಡಿ. ನಾನು ಬಳಸೋದು ಜಿಬೋರ್ಡಿನ, ಅಂದರೆ ಗೂಗಲ್ ಕೀಬೋರ್ಡ್ ಆ್ಯಪಿನ, ಕನ್ನಡ ಅಕ್ಷರಗಳ ಕೀಬೋರ್ಡು. ‘ಮೆಕ್ಕೆಜೋಳ’ ಅಂತ ಬಿಡಿಸಿ ಒತ್ತಿದರೆ ಮ, ಎತ್ವ, ಕ, ಅರ್ಧಾಕ್ಷರದ ಗುರುತು, ಮತ್ತೆ ಕ, ಎತ್ವ, ಜ, ಓತ್ವ, ಳ. ಒಟ್ಟು 9 ಒತ್ತು. ನೋಡೋಕೆ ನಾಲ್ಕೇ ಅಕ್ಷರ. ‘ಕ್ವಿಂಟಲ್’ ಅನ್ನೋಕೆ 8. ‘ಚಿತ್ರದುರ್ಗ’ ಅನ್ನೋಕೆ 10. ಒತ್ತಕ್ಷರ ಬಂದ ಕಡೆಯೆಲ್ಲ ಒಂದು ಒತ್ತು ಜಾಸ್ತಿ. ಕೀಬೋರ್ಡು ಪದ ಊಹಿಸಿ ಮೇಲೆ ತೋರಿಸಿದರೆ ಬೇಗ ಮುಗಿಯುತ್ತೆ, ನಿಜ. ಆದರೆ ರೈತರ ಹೆಸರು, ಸಣ್ಣ ಸಣ್ಣ ಹಳ್ಳಿಗಳ ಹೆಸರು ಅದಕ್ಕೆ ಎಲ್ಲಿಂದ ಗೊತ್ತಿರಬೇಕು? ಅವನ್ನು ಪೂರ್ತಿ ಒತ್ತಲೇಬೇಕು. ಪ್ರತಿ ಒತ್ತಿಗೂ ಫೋನು ಒಂದು ಸಲ ಗುರ್ ಅನ್ನುತ್ತೆ. ಸಂಜೆ ಹೊತ್ತಿಗೆ ನನ್ನ ಎಡಗೈ ಅಂಗೈಯಲ್ಲಿ ಜುಮುಜುಮು ಅನ್ನೋದು ಉಳಿದುಬಿಡುತ್ತಿತ್ತು. ಫೋನ್ ಕೆಳಗಿಟ್ಟ ಮೇಲೂ ಕೈಯಲ್ಲಿ ಏನೋ ನಡುಗಿದ ಹಾಗೆ. ಆಫ್ ಮಾಡಿದ ಮೇಲೆ ಅದು ಹೋಯಿತು. ಬೇರೆಯವರಿಗೂ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲ. ನನಗೆ ಆಗಿದ್ದು ಇದು.

ಎಲ್ಲಾ ಫೋನಿನ ವೈಬ್ರೇಷನ್ ಒಂದೇ ಥರ ಇರಲ್ಲ. ನನ್ನದು ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನು. ಇಂಥ ಬಹಳಷ್ಟು ಫೋನುಗಳಲ್ಲಿ ಒಂದು ಪುಟ್ಟ ತಿರುಗುವ ಮೋಟಾರು ಇರುತ್ತೆ, ಅದರ ತುದಿಗೆ ಒಂದೇ ಪಕ್ಕಕ್ಕೆ ವಾಲಿದ ಭಾರ. ವಾಷಿಂಗ್ ಮಷೀನಿನಲ್ಲಿ ಒದ್ದೆ ಜಮಖಾನ ಒಂದೇ ಕಡೆ ಗುಡ್ಡೆಯಾದಾಗ ಮಷೀನೇ ಅಲ್ಲಾಡುತ್ತಲ್ಲ, ಇದು ನಡೆಯೋದೂ ಹಾಗೇ. ಆ ಮೋಟಾರು ವೇಗ ಹಿಡಿಯೋಕೂ ಸ್ವಲ್ಪ ಹೊತ್ತು ಬೇಕು, ನಿಲ್ಲೋಕೂ ಸ್ವಲ್ಪ ಹೊತ್ತು ಬೇಕು. ನಿಧಾನಕ್ಕೆ ಟೈಪ್ ಮಾಡಿದರೆ ಪರವಾಗಿಲ್ಲ. ಬೇಗ ಬೇಗ ಒತ್ತಿದರೆ ಹಿಂದಿನ ಅಕ್ಷರದ ನಡುಕ ನಿಲ್ಲುವ ಮೊದಲೇ ಮುಂದಿನದು ಶುರುವಾಗುತ್ತೆ. ಯಾವ ಒತ್ತಿಗೆ ಯಾವ ನಡುಕ ಅಂತ ಬೆರಳಿಗೆ ಗೊತ್ತಾಗಲ್ಲ. ಎಲ್ಲಾ ಸೇರಿ ಒಂದೇ ಗುಂಯ್ ಅನ್ನುವ ಸದ್ದಾಗುತ್ತೆ.

ಇನ್ನೊಂದು ಥರದ ಮೋಟಾರಿನಲ್ಲಿ ಭಾರ ತಿರುಗಲ್ಲ, ಸ್ಪ್ರಿಂಗಿನ ಮೇಲೆ ಹಿಂದೆ ಮುಂದೆ ಓಡಾಡುತ್ತೆ. ಅದು ಥಟ್ಟಂತ ಶುರುವಾಗಿ ಥಟ್ಟಂತ ನಿಲ್ಲುತ್ತೆ. ಆಪಲ್ 2015ರಲ್ಲಿ ಐಫೋನ್ 6ಎಸ್‌ಗೆ ಹಾಕಿದ ಟ್ಯಾಪ್ಟಿಕ್ ಎಂಜಿನ್ ಈ ಜಾತಿಯದು. ಐಫೋನಿನ ಸ್ವಂತ ಕೀಬೋರ್ಡಿಗೆ ಕೀ ಒತ್ತಿದಾಗ ನಡುಗುವ ಸೌಲಭ್ಯ ಬಂದದ್ದು 2022ರಲ್ಲಿ, ಐಒಎಸ್ 16ರ ಜೊತೆ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಐಫೋನಿನಲ್ಲಿ ಆನ್ ಮಾಡಿ ನೋಡಿದೆ. ಚೆನ್ನಾಗಿದೆ, ಸುಳ್ಳು ಹೇಳಬಾರದು. ಬೆರಳ ತುದಿಗೆ ಮೆಲ್ಲಗೆ ತಟ್ಟಿದ ಹಾಗಿರುತ್ತೆ. ಅಂಥ ಫೋನು ನಿಮ್ಮದಾಗಿದ್ದರೆ ಪೂರ್ತಿ ಆಫ್ ಮಾಡುವ ಮೊದಲು ಒಂದು ವಾರ ಬಳಸಿ ನೋಡಿ. ಆಂಡ್ರಾಯ್ಡಿನಲ್ಲಿ ಜಿಬೋರ್ಡ್ ಇದ್ದರೆ ವೈಬ್ರೇಷನ್ನಿನ ಜೋರು ಕಡಿಮೆ ಮಾಡುವ ಪಟ್ಟಿ ಇರುತ್ತೆ, ಅದನ್ನೂ ಎಳೆದು ನೋಡಿ. ನನ್ನ ಫೋನಿನಲ್ಲಿ ಕಡಿಮೆ ಮಾಡಿದರೆ ಒಂದು ಸಲ ಬರುತ್ತೆ, ಒಂದು ಸಲ ಬರಲ್ಲ. ಇದ್ದೂ ಇಲ್ಲದ ಹಾಗೆ. ಅದಕ್ಕಿಂತ ಇಲ್ಲದಿರೋದೇ ವಾಸಿ ಅನ್ನಿಸಿತು.

ಆಫ್ ಮಾಡೋದು ಎರಡು ಕಡೆ. ಕೀಬೋರ್ಡಿನದು ಕೀಬೋರ್ಡ್ ಸೆಟ್ಟಿಂಗ್ಸ್ ಒಳಗೆ. ಜಿಬೋರ್ಡಿನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ ಕೆಳಗೆ ಬಂದರೆ ‘ಹ್ಯಾಪ್ಟಿಕ್ ಫೀಡ್‌ಬ್ಯಾಕ್ ಆನ್ ಕೀಪ್ರೆಸ್’ ಅಂತ ಇರುತ್ತೆ. ಹ್ಯಾಪ್ಟಿಕ್ ಅಂದರೆ ಬೆರಳಿಗೆ ತಿಳಿಯುವ ಈ ನಡುಕವೇ. ಮಿಕ್ಕ ಟಚ್ ವೈಬ್ರೇಷನ್, ಅಂದರೆ ಹಿಂದಕ್ಕೆ ಹೋಗೋಕೆ ಬೆರಳು ಎಳೆದಾಗ, ಏನನ್ನಾದರೂ ಒತ್ತಿ ಹಿಡಿದಾಗ ಬರುವಂಥದ್ದು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಮತ್ತು ವೈಬ್ರೇಷನ್ ಅನ್ನುವ ಕಡೆ ಸಿಗುತ್ತೆ. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬದಲು. ಒಂದರಲ್ಲಿ ಟಚ್ ಫೀಡ್‌ಬ್ಯಾಕ್, ಇನ್ನೊಂದರಲ್ಲಿ ಸಿಸ್ಟಮ್ ವೈಬ್ರೇಷನ್, ಮತ್ತೊಂದರಲ್ಲಿ ಬರೀ ಹ್ಯಾಪ್ಟಿಕ್ ಫೀಡ್‌ಬ್ಯಾಕ್. ಐಫೋನಿನಲ್ಲಿ ಸೌಂಡ್ಸ್ ಮತ್ತು ಹ್ಯಾಪ್ಟಿಕ್ಸ್ ಒಳಗೆ ಕೀಬೋರ್ಡ್ ಫೀಡ್‌ಬ್ಯಾಕ್. ಒಂದು ಕಡೆ ಆಫ್ ಮಾಡಿ ‘ಹೋಗ್ಲಿಲ್ಲ’ ಅಂತ ಬೇಜಾರಾಗಬೇಡಿ, ಇನ್ನೊಂದು ಕಡೆಯೂ ನೋಡಿ. ಎರಡು ಕೀಬೋರ್ಡ್ ಹಾಕಿಕೊಂಡಿದ್ದರೆ ಒಂದೊಂದಕ್ಕೂ ಅದರದೇ ಸೆಟ್ಟಿಂಗ್ ಇರುತ್ತೆ.

ಮೊದಲ ಕೆಲವು ದಿನ ಕಷ್ಟ ಆಗುತ್ತೆ. ಗಾಜಿನ ಮೇಲೆ ಸುಮ್ನೆ ಬೆರಳು ಆಡಿಸಿದ ಹಾಗೆ, ಒತ್ತಿದ್ದು ತಾಗಿತೋ ಇಲ್ಲವೋ ಅನ್ನುವ ಅನುಮಾನ. ಟೈಪಿಂಗ್ ನಿಧಾನವೂ ಆಯಿತು. ಒಂದು ವಾರದಲ್ಲಿ ಮೊದಲಿನ ವೇಗ ಬಂತು, ಆಮೇಲೆ ಆ ಕಡೆ ಗಮನವೇ ಹೋಗಲಿಲ್ಲ. ಈ ದಿನಗಳಲ್ಲಿ ಬೇಸತ್ತು ಮತ್ತೆ ಆನ್ ಮಾಡುವವರು ಜಾಸ್ತಿ. ಸ್ವಲ್ಪ ತಾಳಿ ಅಂತ ಅವರಿಗೆ ಹೇಳುತ್ತೇನೆ.

ತಾಳುವುದಕ್ಕೆ ನನಗೆ ನೆರವಾದದ್ದು ಅದೇ ಪ್ರಿಫರೆನ್ಸಸ್ ಪುಟದ ಇನ್ನೊಂದು ಸೆಟ್ಟಿಂಗ್, ‘ಪಾಪ್‌ಅಪ್ ಆನ್ ಕೀಪ್ರೆಸ್’. ಒತ್ತಿದ ಅಕ್ಷರ ಬೆರಳಿನ ಮೇಲೆ ದೊಡ್ಡದಾಗಿ ಎದ್ದು ಕಾಣುತ್ತೆ. ಒಂದು ವಿಷಯ ನನಗೆ ಆಗಲೇ ಹೊಳೆದದ್ದು. ವೈಬ್ರೇಷನ್ ಹೇಳೋದು ಏನೋ ಒಂದು ಕೀ ಒತ್ತಿದಿರಿ ಅಂತ ಅಷ್ಟೇ. ಲ ಒತ್ತಿದರೂ ಅದೇ ಗುರ್, ಳ ಒತ್ತಿದರೂ ಅದೇ ಗುರ್, ಪಕ್ಕದ ಕೀ ತಗುಲಿದರೂ ಅದೇ ಗುರ್. ತಪ್ಪು ಅಕ್ಷರಕ್ಕೂ ಸರಿ ಅಕ್ಷರಕ್ಕೂ ಒಂದೇ ಉತ್ತರ ಕೊಡುವ ಸೌಲಭ್ಯದಿಂದ ಕನ್ನಡ ಬರೆಯುವವರಿಗೆ ಏನು ಉಪಯೋಗ? ಪಾಪ್‌ಅಪ್ ಆದರೆ ಯಾವ ಅಕ್ಷರ ಬಿತ್ತು ಅಂತ ಆಗಿಂದಾಗಲೇ ತೋರಿಸುತ್ತೆ. ನ ಬದಲು ಣ ಬಿದ್ದರೆ ಪದ ಮುಗಿಯುವ ಮುಂಚೆಯೇ ಕಾಣುತ್ತೆ. ವೈಬ್ರೇಷನ್ ಆಫ್, ಪಾಪ್‌ಅಪ್ ಆನ್. ಈ ಜೋಡಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಬ್ಯಾಟರಿ ಉಳಿಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಕೀಬೋರ್ಡ್ ಹ್ಯಾಪ್ಟಿಕ್ ಆನ್ ಇದ್ದರೆ ಬ್ಯಾಟರಿ ಮೇಲೆ ಪರಿಣಾಮ ಆಗಬಹುದು ಅಂತ ಆಪಲ್ ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಹೇಳಿದೆ. ನನ್ನ ಫೋನಿನಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಆಗಲಿಲ್ಲ. ದಿನವಿಡೀ ಉರಿಯುವ ಸ್ಕ್ರೀನು ತಿನ್ನುವ ಚಾರ್ಜಿನ ಮುಂದೆ ಇದು ಸಣ್ಣದು. ಬ್ಯಾಟರಿಗೋಸ್ಕರ ಮಾತ್ರ ಇದನ್ನು ಮಾಡಬೇಡಿ.

ಕೊರತೆಯೂ ಉಂಟು. ಹಣ ಕಳಿಸುವಾಗ ಸೊನ್ನೆಗಳು ಒಂದರ ಹಿಂದೊಂದು ಬರುತ್ತವೆ. ಮೊದಲು ಬೆರಳಿನ ಲೆಕ್ಕ ಕೈಗೆ ತಿಳಿಯುತ್ತಿತ್ತು, ಈಗ ಮೊತ್ತವನ್ನು ಕಣ್ಣಿಟ್ಟು ಓದಿಯೇ ಮುಂದೆ ಹೋಗಬೇಕು. ಮೆಸೇಜ್ ಒತ್ತಿ ಹಿಡಿದಾಗ ಅದು ಸೆಲೆಕ್ಟ್ ಆಯಿತು ಅಂತ ಬೆರಳಿಗೆ ತಿಳಿಯಲ್ಲ, ಬಣ್ಣ ಬದಲಾಗುವುದನ್ನು ನೋಡಬೇಕು. ಬಿಸಿಲಿಗೆ ನಿಂತಾಗ ಸ್ಕ್ರೀನು ಸರಿಯಾಗಿ ಕಾಣಲ್ಲ, ಆಗ ಈ ಕೊರತೆ ನಿಜವಾಗಿಯೂ ಅನುಭವಕ್ಕೆ ಬರುತ್ತೆ.

ಹಾಗಾಗಿ ಎಲ್ಲರಿಗೂ ಆಫ್ ಮಾಡಿ ಅನ್ನಲ್ಲ. ನಮ್ಮ ಅವ್ವನ ಫೋನಿನಲ್ಲಿ ನಾನು ಮಾಡಿಲ್ಲ. ಜೋಳದ ರೊಟ್ಟಿ ತಟ್ಟಿ ತಟ್ಟಿ ಅವಳ ಬೆರಳ ತುದಿ ಒರಟಾಗಿದೆ, ಒಮ್ಮೊಮ್ಮೆ ಒತ್ತಿದ್ದು ಸ್ಕ್ರೀನಿಗೆ ತಾಗೋದೇ ಇಲ್ಲ. ಒಂದು ದಿನ ಆಫ್ ಮಾಡಲಾ ಅಂತ ಕೇಳಿದೆ. ‘ಬ್ಯಾಡ. ಗುರ್ ಅಂದ್ರೆ ಒತ್ತಿದ್ದು ತಾಗೇತಿ ಅಂತ ಗೊತ್ತಾಗ್ತತಿ. ಇರ್ಲಿ ಬಿಡಪ್ಪ’ ಅಂದಳು. ಅವಳು ಟೈಪ್ ಮಾಡಲ್ಲ, ಕಾಲ್ ಮಾಡೋಕೆ, ಫೋಟೋ ನೋಡೋಕೆ ನಾಲ್ಕು ಕಡೆ ಒತ್ತುತ್ತಾಳೆ. ಅವಳಿಗೆ ಆ ನಡುಕ ಸುದ್ದಿಯೇ. ಕಣ್ಣು ಮಂಜಾದವರು, ಸ್ಕ್ರೀನಿನಲ್ಲಿ ಇರೋದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಫೋನ್ ಬಳಸುವವರು ಇದನ್ನು ಇಟ್ಟುಕೊಳ್ಳಲೇಬೇಕು.

ಇನ್ನೊಂದು ಮುಖ್ಯ ವಿಷಯ. ಸಿಟ್ಟಿಗೆ ಎಲ್ಲಾ ವೈಬ್ರೇಷನ್ನನ್ನೂ ಒಂದೇ ಏಟಿಗೆ ಆಫ್ ಮಾಡಬೇಡಿ. ಐಫೋನಿನಲ್ಲಿ ಆಕ್ಸೆಸಿಬಿಲಿಟಿಯ ಟಚ್ ಒಳಗೆ ‘ವೈಬ್ರೇಷನ್’ ಅಂತ ಒಂದು ಸ್ವಿಚ್ ಇದೆ. ಅದನ್ನು ಆಫ್ ಮಾಡಿದರೆ ತುರ್ತು ಎಚ್ಚರಿಕೆಯ ವೈಬ್ರೇಷನ್ ಕೂಡ ನಿಂತುಹೋಗುತ್ತೆ. 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ತುರ್ತು ಎಚ್ಚರಿಕೆಯ ಪರೀಕ್ಷೆ ನಡೆದಾಗ ಎಷ್ಟೋ ಫೋನು ಒಟ್ಟಿಗೆ ಕೂಗಿ ನಡುಗಿದ್ದು ನೆನಪಿರಬೇಕಲ್ಲ. ನಿಜವಾದ ಎಚ್ಚರಿಕೆ ಬರುವ ದಿನ ಆ ನಡುಕ ಬೇಕು. ಕಿವಿ ಕೇಳದವರಿಗಂತೂ ಅದು ಬೇಕೇ ಬೇಕು.

ನನ್ನ ಕೆಲಸಕ್ಕೂ ಕಾಲ್ ವೈಬ್ರೇಷನ್ ಇಲ್ಲದೆ ಆಗಲ್ಲ. ತೂಕದ ಕಾಟಾ ಹತ್ತಿರ ನಿಂತಿರುವಾಗ ರಿಂಗ್ ಆದದ್ದು ಕಿವಿಗೆ ಬೀಳಲ್ಲ, ಅಂಗಿ ಜೇಬಿನಲ್ಲಿ ನಡುಗಿದರೇ ಗೊತ್ತಾಗೋದು. ಮೊದಲು ಜೇಬು ನಡುಗಿದರೆ ಗುಂಪಿನ ಮೆಸೇಜೋ ಕಾಲೋ ಗೊತ್ತಾಗದೆ ಎಷ್ಟೋ ಸಲ ಫೋನ್ ತೆಗೆಯುತ್ತಲೇ ಇರಲಿಲ್ಲ. ವಾಟ್ಸಾಪ್‌ನ ನೋಟಿಫಿಕೇಷನ್ ಸೆಟ್ಟಿಂಗ್‌ನಲ್ಲಿ ಮೆಸೇಜಿಗೆ, ಗುಂಪಿಗೆ, ಕಾಲಿಗೆ ಬೇರೆ ಬೇರೆ ವೈಬ್ರೇಷನ್ ಇಡಬಹುದು. ಗುಂಪಿನದು ಆಫ್ ಮಾಡಿದೆ, ಮೆಸೇಜಿನದು ಚಿಕ್ಕದು, ಕಾಲಿನದು ಉದ್ದ. ಈಗ ಜೇಬಿನಲ್ಲಿ ಉದ್ದಕ್ಕೆ ನಡುಗಿತು ಅಂದರೆ ಯಾರೋ ಕರೆಯುತ್ತಿದ್ದಾರೆ ಅಂತಲೇ. ಲಾರಿ ಡ್ರೈವರ್ ಹರಿಹರ ದಾಟಿದೆ ಅಂತ ಕಾಲ್ ಮಾಡಿದರೆ ತಪ್ಪಲ್ಲ. ಎರಡು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಅಂದರೆ ಇದೇ.

ಹೊಸ ಫೋನ್ ಕೊಳ್ಳುವವರಿಗೆ ಒಂದು ಮಾತು. ಅಂಗಡಿಯಲ್ಲಿ ಡೆಮೊ ಫೋನು ಇಟ್ಟಿರುತ್ತಾರೆ. ಕ್ಯಾಮೆರಾ ನೋಡಿ ವಾಪಸ್ ಕೊಡಬೇಡಿ. ಕನ್ನಡ ಕೀಬೋರ್ಡ್ ಹಾಕಿಸಿಕೊಂಡು ನಿಮ್ಮ ಊರಿನ ಹೆಸರು, ಮನೆಯವರ ಹೆಸರು ಬೇಗ ಬೇಗ ಟೈಪ್ ಮಾಡಿ. ಒಂದೊಂದು ಒತ್ತೂ ಬೇರೆ ಬೇರೆಯಾಗಿ ಬೆರಳಿಗೆ ತಿಳಿದರೆ ಮೋಟಾರು ಒಳ್ಳೆಯದು, ಆನ್ ಇಟ್ಟುಕೊಂಡರೂ ನಡೆಯುತ್ತೆ. ಎಲ್ಲಾ ಸೇರಿ ಗುಂಯ್ ಅಂದರೆ, ಮನೆಗೆ ತಂದ ದಿನವೇ ಆಫ್ ಮಾಡಿ ಪಾಪ್‌ಅಪ್ ಆನ್ ಮಾಡಿ.